ಉರಿ ಯಾರ ಬೆರಳಿಗೆ?

ನೇಲ್ ಸಲೂನುಗಳ ಒಳಗೆ ಒಂದು ತಕರಾರು ಬಹಳ ದಿನಗಳಿಂದ ನಡೆದೇ ಇದೆ. ಉಗುರಿನ ಕೆಲಸಕ್ಕೆ ಹೊಸದಾಗಿ ಕೂತ ಹುಡುಗಿ ಮೊದಲಿನಿಂದಲೇ ಇ-ಫೈಲ್ ಹಿಡಿಯಬಹುದೋ, ಇಲ್ಲ ಕೈ ಫೈಲಿನಲ್ಲೇ ಒಂದಷ್ಟು ಕಾಲ ಉಜ್ಜಿ ಪಳಗಿ ಆಮೇಲೆ ಮೆಷಿನ್ ಮುಟ್ಟಬೇಕೋ? ಹಳಬರು ಎರಡನೆಯದನ್ನೇ ಹೇಳುತ್ತಾರೆ. ಹೊಸಬರಿಗೆ ಅದು ಹಳಬರ ಜಂಬದ ಹಾಗೆ ಕೇಳಿಸುತ್ತದೆ. ಆ ಅಂಗಡಿಗಳ ಮೆಟ್ಟಿಲು ಹತ್ತದವರಿಗೆ ಇದು ಚಿಲ್ಲರೆ ಜಗಳ. ನನಗೆ ಹಾಗೆ ಕಾಣುವುದಿಲ್ಲ. ಒಬ್ಬರ ಮೈಮೇಲೆ ಇನ್ನೊಬ್ಬರು ಕಸುಬು ಕಲಿಯುವ ಕಡೆಯೆಲ್ಲ, ಕಲಿಕೆಯ ಖರ್ಚು ಯಾರ ಲೆಕ್ಕಕ್ಕೆ ಬೀಳಬೇಕು ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಇಲ್ಲಿ ಅದು ಬೆರಳ ತುದಿಯಷ್ಟು ಜಾಗದಲ್ಲಿ ಕಣ್ಣಿಗೆ ಬೀಳುತ್ತದೆ, ಅಷ್ಟೇ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಇ-ಫೈಲ್ ಎಂದರೆ ದಪ್ಪ ಪೆನ್ನಿನಂಥ ಒಂದು ಹಿಡಿ, ಅದರ ಮೂತಿಗೆ ಸಿಕ್ಕಿಸುವ ಪುಟ್ಟ ಬಿಟ್, ವೇಗ ಏರಿಸಿ ಇಳಿಸಲು ತಿರುಪು ಇರುವ ಒಂದು ಡಬ್ಬಿ. ಸಲೂನಿನವರ ಬಾಯಲ್ಲಿ ಇದು ‘ಡ್ರಿಲ್’. ಇದು ಕೊರೆಯುವುದಿಲ್ಲ, ಸವೆಸುತ್ತದೆ. ಹಲ್ಲಿನ ಸೆಟ್ ಮಾಡುವ ಲ್ಯಾಬುಗಳಲ್ಲಿ, ಆಭರಣಕ್ಕೆ ಪಾಲಿಶ್ ಕೊಡುವವರ ಮೇಜಿನ ಮೇಲೆ ಇದರ ದಾಯಾದಿಗಳಿವೆ. ಅಕ್ರಿಲಿಕ್ ಉಗುರಿಗೆ ಕಲಸುವ ಪುಡಿ ಮತ್ತು ದ್ರವ, ಹಲ್ಲಿನ ಸೆಟ್ಟಿಗೆ ಕಲಸುವ ಪುಡಿ ಮತ್ತು ದ್ರವ ಒಂದೇ ರಾಸಾಯನಿಕ ಕುಟುಂಬದವು. ಹೀಗಾಗಿ ಉಪಕರಣವೂ ಹಿಂದೆಯೇ ಬಂತು. ಅಮೆರಿಕದ ಸಲೂನುಗಳಲ್ಲಿ ಮೊದಮೊದಲು ಮನೆಯ ಸಣ್ಣಪುಟ್ಟ ಕೆಲಸಕ್ಕೆಂದು ಮಾಡಿದ ಡ್ರಿಲ್ಲುಗಳನ್ನೇ ಉಗುರಿಗೂ ಹಿಡಿಯುತ್ತಿದ್ದರು, ಮೆಷಿನ್‌ಗೆ ಅಂಟಿದ ಕೆಟ್ಟ ಹೆಸರು ಆ ಕಾಲದ್ದು. ಉಗುರಿನ ಮೇಲೆ ಕಟ್ಟಿದ ಅಕ್ರಿಲಿಕ್, ಜೆಲ್‌ನಂಥ ಗಟ್ಟಿ ಪ್ಲಾಸ್ಟಿಕ್ ಸವೆಸುವುದಕ್ಕೆ ಅದು ಅಂದೂ ಒಳ್ಳೆಯ ಉಪಕರಣ, ಇಂದೂ ಒಳ್ಳೆಯದೇ. ತೊಂದರೆ ಶುರುವಾಗುವುದು ಪ್ಲಾಸ್ಟಿಕ್ ಮುಗಿದು ಉಗುರು ಆರಂಭವಾಗುವ ಗೆರೆಯಲ್ಲಿ.

ಆ ಗೆರೆಯ ಆಚೆ ಉಳಿದಿರುವುದು ಎಷ್ಟು? ಕೈಬೆರಳ ಉಗುರಿನ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಸತ್ತ ಕೆರಾಟಿನ್ ಕೋಶಗಳು ಪದರ ಪದರವಾಗಿ ಒತ್ತಿಕೊಂಡು ಆದ ಫಲಕ ಅದು. ಅದಕ್ಕೆ ನೋವಿಲ್ಲ. ಅದರ ಅಡಿಯಲ್ಲಿರುವ ಚರ್ಮದ ತುಂಬ ನರಗಳು, ರಕ್ತನಾಳಗಳು. ಬುಡದ ಒಳಗೆ ಉಗುರನ್ನು ಹುಟ್ಟಿಸುವ ಭಾಗ ಅಡಗಿ ಕೂತಿದೆ. ಅದಕ್ಕೆ ಪೆಟ್ಟಾದರೆ ಮುಂದೆ ಬರುವ ಉಗುರೇ ಗೆರೆ ಬಿದ್ದೋ ಸೊಟ್ಟಗಾಗಿಯೋ ಬರುತ್ತದೆ. ಕೈ ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ಬುಡದಿಂದ ತುದಿಯವರೆಗೆ ಹೊಸ ಉಗುರು ಬರಲು 6 ತಿಂಗಳಾದರೂ ಬೇಕು, ಕಾಲಿನ ಹೆಬ್ಬೆರಳಿಗೆ 12ರಿಂದ 18 ತಿಂಗಳು. ಅರ್ಧ ನಿಮಿಷದಲ್ಲಿ ಸವೆದುಹೋದದ್ದನ್ನು ಮೈ ಅರ್ಧ ವರ್ಷ ಕೂತು ತುಂಬಿಕೊಡಬೇಕು.

ಇನ್ನು ಮೆಷಿನಿನ ಲೆಕ್ಕ. ಸಲೂನ್ ಮೆಷಿನುಗಳು ನಿಮಿಷಕ್ಕೆ 30,000ದಿಂದ 35,000 ಸುತ್ತಿನವರೆಗೂ ಹೋಗುತ್ತವೆ. ಅಷ್ಟು ವೇಗ ಯಾರಿಗೂ ಬೇಕಾಗುವುದಿಲ್ಲ, 20,000 ಎಂದೇ ಇಟ್ಟುಕೊಳ್ಳೋಣ. 6 ಮಿಲಿಮೀಟರ್ ಅಡ್ಡಳತೆಯ ಬಿಟ್ ಆ ವೇಗದಲ್ಲಿ ತಿರುಗಿದರೆ ಅದರ ಮೈ ಸೆಕೆಂಡಿಗೆ 6 ಮೀಟರಿಗಿಂತ ಹೆಚ್ಚು ದೂರ ಓಡುತ್ತದೆ. ಕೈ ಫೈಲನ್ನು ಎಷ್ಟೇ ಬಿರುಸಾಗಿ ಆಡಿಸಿದರೂ ಸೆಕೆಂಡಿಗೆ ಅರ್ಧ ಮೀಟರ್ ದಾಟಿಸುವುದು ಕಷ್ಟ. ಹತ್ತು ಹನ್ನೆರಡು ಪಟ್ಟು ಅಂತರ! ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಕೇಳಿದ ಗಾದೆಯ ಹಿರಿಯರು, ಉಗುರನ್ನೇ ಕೊಡಲಿಗೆ ಒಡ್ಡುವ ಕಾಲವೊಂದನ್ನು ಊಹಿಸಿರಲಾರರು.

ಆದರೆ ನನಗೆ ವೇಗಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ. ಕೈ ಫೈಲಿನಲ್ಲಿ ಉಜ್ಜುವಾಗ ಎಷ್ಟು ಸವೆಯಿತು ಎಂಬ ಸುದ್ದಿ ಉಜ್ಜುವವಳ ಕೈಗೇ ಬರುತ್ತದೆ. ಅಕ್ರಿಲಿಕ್ ಮೇಲೆ ಒಂದು ಸದ್ದು, ಬರಿ ಉಗುರಿನ ಮೇಲೆ ಬೇರೆಯೇ ಸದ್ದು. ಜೆಲ್ ಮುಗಿಯುತ್ತ ಬಂದಂತೆ ಫೈಲ್ ಹಿಡಿಯುವ ರೀತಿ ಬದಲಾಗುತ್ತದೆ. ತೋಳು ಸೋಲುತ್ತದೆ, ಸೋತ ತೋಳು ತಾನಾಗಿ ನಿಲ್ಲುತ್ತದೆ. ಮೆಷಿನ್ ಈ ದಣಿವನ್ನು ತೆಗೆದುಹಾಕುತ್ತದೆ, ಜೊತೆಗೆ ದಣಿವಿನೊಳಗಿದ್ದ ಎಚ್ಚರಿಕೆಯನ್ನೂ. ಹಿಡಿಯೊಳಗೆ ಬರುವುದು ಗುಂಯ್ ಎಂಬ ಒಂದೇ ಸಮನೆಯ ಅದುರು. ಮಿತಿ ದಾಟಿತು ಎಂಬ ಸುದ್ದಿ ಈಗ ಮೊದಲು ಮುಟ್ಟುವುದು ಮೇಜಿನ ಆಚೆ ಬದಿಯಲ್ಲಿ ಕೂತವರ ಬೆರಳಿಗೆ. ಅಲ್ಲಿ ಬೆಚ್ಚಗಾಗಿ, ಬಿಸಿಯಾಗಿ, ಚುರ್ ಎಂದು ಸುಟ್ಟಾಗ ಅವರು ಕೈ ಎಳೆದುಕೊಂಡರೆ ಮಾತ್ರ ಇವಳಿಗೆ ತಿಳಿಯಬೇಕು. ಪಳಗಿದವಳ ಮಾತು ಬೇರೆ. ಆಕೆಗೆ ಆ ಅದುರಿನಲ್ಲೂ ಭೇದ ಗೊತ್ತಾಗುತ್ತದೆ, ಏಳುವ ಧೂಳನ್ನು ನೋಡಿಯೇ ಯಾವ ಪದರದಲ್ಲಿದ್ದೇನೆಂದು ಹೇಳಬಲ್ಲಳು. ಆದರೆ ಅದು, ಹಿಂದೆ ಕೈ ಫೈಲಿನಲ್ಲಿ ಕೇಳಿ ಪರಿಚಯವಾದದ್ದನ್ನು ಮೆಷಿನಿನ ಗದ್ದಲದ ನಡುವೆ ಗುರುತು ಹಿಡಿಯುವ ಕೆಲಸ. ಪರಿಚಯವೇ ಇಲ್ಲದವಳು ಯಾರನ್ನು ಗುರುತು ಹಿಡಿಯುತ್ತಾಳೆ?

ಸರಿ, ಆಚೆ ಬದಿಯವರಾದರೂ ಬಾಯಿ ಬಿಡುತ್ತಾರೆಯೇ? ನಮ್ಮಲ್ಲಿ ಬಿಡುವವರು ಕಡಿಮೆ. ಸಾವಿರಗಟ್ಟಲೆ ಕೊಟ್ಟು ಕೂತವರು, ಚೆನ್ನಾಗಿ ಆಗಬೇಕಾದರೆ ಸ್ವಲ್ಪ ಉರಿಯುತ್ತದೇನೋ ಎಂದುಕೊಂಡು ಹಲ್ಲು ಕಚ್ಚುತ್ತಾರೆ. ಮದುವೆಗೆ ಎರಡು ದಿನ ಇರುವಾಗ ಬಂದ ಹುಡುಗಿಯಂತೂ ಹೂವಿನವನಿಗೆ, ಟೈಲರಿಗೆ, ಮದರಂಗಿಯವಳಿಗೆ ಫೋನಿನಲ್ಲಿ ಉತ್ತರ ಕೊಡುವುದರಲ್ಲೇ ಮುಳುಗಿರುತ್ತಾಳೆ. “ಪಾಪ, ಹೊಸಬಳು” ಎಂದು ಸುಮ್ಮನಿರುವ ಮೆದು ಮನಸ್ಸಿನವರೂ ಇದ್ದಾರೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ನರಗಳು ಸೋತವರ ಸ್ಥಿತಿ ಇನ್ನೂ ಬೇರೆ. ಅವರಿಗೆ, ಅದರಲ್ಲೂ ಪಾದದ ಬೆರಳಲ್ಲಿ, ಬಿಸಿ ಸರಿಯಾಗಿ ತಿಳಿಯುವುದೇ ಇಲ್ಲ. ಆದ ಗಾಯ ಬೇಗ ಮಾಯುವುದೂ ಇಲ್ಲ. ಮೆಷಿನ್ ಹಿಡಿದವಳಿಗೂ ಗೊತ್ತಾಗದು, ಕಾಲು ಚಾಚಿದವರಿಗೂ ಗೊತ್ತಾಗದು. ಕುರ್ಚಿಯಲ್ಲಿ ಕೂರಿಸುವ ಮೊದಲು “ಶುಗರ್ ಇದೆಯಾ ಆಂಟಿ?” ಎಂದು ಕೇಳುವ ಸಲೂನ್ ಸಿಕ್ಕರೆ ಅಲ್ಲಿನ ಇಂಟೀರಿಯರ್ ಹೇಗಿದೆ ಎಂದು ನೋಡದೆ ಒಳಗೆ ಹೋಗಬಹುದು.

ಬಿಟ್ಟನ್ನು ಉಗುರಿಗೆ ಸಮವಾಗಿ ಮಲಗಿಸದೆ ಓರೆಯಾಗಿ ಊರಿದರೆ, ಬುಡದ ಹತ್ತಿರ ಅರ್ಧಚಂದ್ರದಂಥ ಕೆಂಪು ಗೀರು ಬೀಳುತ್ತದೆ. ಕಸುಬಿನವರು ಇದಕ್ಕೆ ‘ರಿಂಗ್ಸ್ ಆಫ್ ಫೈರ್’ ಎನ್ನುತ್ತಾರೆ. ಬಹುವಚನ ಯಾಕೆಂದರೆ, ಗಿರಾಕಿ ಮೂರು ವಾರ ಬಿಟ್ಟು ರಿಫಿಲ್‌ಗೆ, ಅಂದರೆ ಬುಡದಲ್ಲಿ ಬೆಳೆದ ಜಾಗ ತುಂಬಿಸಲು, ಬರುವ ಹೊತ್ತಿಗೆ ಉಗುರು 2 ಮಿಲಿಮೀಟರ್ ಮುಂದೆ ಸರಿದಿರುತ್ತದೆ. ಅದೇ ಕೈ ಅದೇ ತಪ್ಪು ಮಾಡಿದರೆ ಹಳೆಯ ಗೀರಿನ ಹಿಂದೆ ಹೊಸದೊಂದು. ಮೇಲೆ ಬಣ್ಣ ಬೀಳುವುದರಿಂದ ಯಾರಿಗೂ ಕಾಣುವುದಿಲ್ಲ. ನಾಲ್ಕು ತಿಂಗಳಾದ ಮೇಲೆ ಉಗುರು ಕಾಗದದಂತೆ ಬಾಗತೊಡಗಿದಾಗ ಗಿರಾಕಿ ಹೇಳುವುದು, “ಜೆಲ್ ನನಗೆ ಆಗಿಬರಲ್ಲ” ಎಂದು. ಆಕೆ ಬೇರೆ ಸಲೂನಿಗೆ ಹೋಗುತ್ತಾಳೆ, ಅಲ್ಲಿ ಬಣ್ಣ ತೆಗೆದಾಗ ಗೀರುಗಳು ಬೇರೆ ಯಾರೋ ಒಬ್ಬಳ ಕಣ್ಣಿಗೆ ಬೀಳುತ್ತವೆ. ಮಾಡಿದವಳಿಗೆ ತಾನು ಮಾಡಿದ್ದು ಕಾಣುವುದೇ ಇಲ್ಲ. ಕಲಿಯುವವಳಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ. ತಪ್ಪು ಗೊತ್ತಾಗದಿದ್ದರೆ ಹತ್ತು ವರ್ಷ ಕೂತರೂ ಅದು ಒಂದೇ ತಿಂಗಳ ಅನುಭವ.

ಇಷ್ಟು ಹೇಳಿ “ಹೊಸಬರಿಗೆ ಮೆಷಿನ್ ಬೇಡ” ಎಂದು ಮಾತು ಮುಗಿಸಬಹುದಿತ್ತು. ಅದು ನ್ಯಾಯವಲ್ಲ. ಕೈ ಫೈಲೇನೂ ಸಾಧುವಲ್ಲ. ಫೈಲಿನ ಗ್ರಿಟ್ ಸಂಖ್ಯೆ ಇಳಿದಷ್ಟೂ ಒರಟು ಹೆಚ್ಚು. ಬರಿ ಉಗುರಿಗೆ 180ಕ್ಕಿಂತ ಒರಟಾದದ್ದನ್ನು ತಾಗಿಸಬಾರದೆಂದು ಕಲಿಸುತ್ತಾರೆ. 100 ಗ್ರಿಟ್ ಹಿಡಿದು ಅವಸರದಲ್ಲಿ ಉಜ್ಜಿದವರ ಕೈಯಲ್ಲಿ ತೆಳುವಾದ ಉಗುರುಗಳೂ ಬೇಕಾದಷ್ಟಿವೆ. ಅದಕ್ಕಿಂತ ಕೆಟ್ಟದ್ದು ಮೀಟಿ ಕೀಳುವುದು. ಅರ್ಧ ನೆನೆದ ಜೆಲ್ಲನ್ನು ಪುಷರಿನಿಂದ ಎಬ್ಬಿಸಿದರೆ ಉಗುರಿನ ಮೇಲ್ಪದರವೂ ಅದರ ಜೊತೆ ಎದ್ದು ಬರುತ್ತದೆ. ಜೆಲ್ ಪಾಲಿಶ್ ಆದರೆ ಅಸಿಟೋನಿನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟರೆ ಸಡಿಲವಾಗುತ್ತದೆ. ಹಾರ್ಡ್ ಜೆಲ್ ಎಷ್ಟು ಹೊತ್ತು ನೆನೆದರೂ ಕರಗದು, ಸವೆಸಿಯೇ ಇಳಿಸಬೇಕು. ದಿನಕ್ಕೆ ನಾಲ್ಕೈದು ಜನರ ಹತ್ತು ಹತ್ತು ಬೆರಳುಗಳ ಹಾರ್ಡ್ ಜೆಲ್ಲನ್ನು ಕೈಯಲ್ಲೇ ಉಜ್ಜು ಎಂದು ಇಪ್ಪತ್ತೆರಡರ ಹುಡುಗಿಗೆ ಹೇಳಿದರೆ, ಮೂವತ್ತಕ್ಕೆ ಅವಳ ಮಣಿಕಟ್ಟು ಮಾತಾಡತೊಡಗುತ್ತದೆ. “ನಾವೆಲ್ಲ ಹೀಗೇ ಕಲಿತದ್ದು” ಎನ್ನುವ ಹಳಬರು ತಮ್ಮ ಭುಜವನ್ನೊಮ್ಮೆ ಕೇಳಿ ನೋಡಲಿ.

ನಮ್ಮ ಟೈಲರ್ ಅಂಗಡಿಗಳಲ್ಲಿ ಕಲಿಯಲು ಬಂದ ಹುಡುಗನಿಗೆ ಮೊದಲೇ ಮೆಷಿನ್ ಕೊಡುತ್ತಿರಲಿಲ್ಲ. ಕಾಜಾ ಹೊಲಿ, ಗುಂಡಿ ಹಚ್ಚು, ಹೆಮ್ಮಿಂಗ್ ಮಾಡು, ತಿಂಗಳುಗಟ್ಟಲೆ ಅದೇ. ಬಟ್ಟೆಯ ಗುಣ ಬೆರಳಿಗೆ ಹತ್ತಲಿ ಎಂಬ ಉದ್ದೇಶ ಇದ್ದದ್ದು ನಿಜ, ಪುಕ್ಕಟೆ ಕೆಲಸ ಆಗಲಿ ಎಂಬುದೂ ಅಷ್ಟೇ ನಿಜ. ಉಗುರಿನ ಕಸುಬಿನಲ್ಲೂ ಈ ಎರಡನ್ನು ಬಿಡಿಸಿ ನೋಡಬೇಕು. ಬೆರಳಿಗೆ ಹತ್ತುವವರೆಗೆ ಕೈ ಫೈಲ್ ಇರಲಿ, ಅದರಾಚೆಗಿನದು ಮೇಸ್ತ್ರಿಯ ಗತ್ತು.

ಬೇಗ ಕಲಿತು ಬೇಗ ದುಡಿಯಬೇಕೆನ್ನುವವರನ್ನು ಹೀಗಳೆಯುವುದಕ್ಕೂ ನನಗೆ ಮನಸ್ಸಿಲ್ಲ. ಈ ಕಸುಬಿನ ಚರಿತ್ರೆಯಲ್ಲೇ ಆ ಅವಸರಕ್ಕೊಂದು ಮರ್ಯಾದೆಯ ಜಾಗವಿದೆ. 1975ರಲ್ಲಿ ಯುದ್ಧ ಮುಗಿದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಳಿಯ ಶಿಬಿರಕ್ಕೆ ವಿಯೆಟ್ನಾಮಿನ ನಿರಾಶ್ರಿತರು ಬಂದಿಳಿದರು. ಅಲ್ಲಿ ನೆರವಿಗೆ ಬರುತ್ತಿದ್ದ ಟಿಪ್ಪಿ ಹೆಡ್ರೆನ್ (ಹಿಚ್‌ಕಾಕ್‌ನ ‘ದಿ ಬರ್ಡ್ಸ್’ ಚಿತ್ರದ ನಾಯಕಿ) ಕೈಯ ಉಗುರುಗಳು ಆ ಹೆಂಗಸರ ಕಣ್ಣಿಗೆ ಬಿದ್ದವು. ಆಕೆ ತನ್ನ ಮ್ಯಾನಿಕ್ಯೂರಿಸ್ಟನ್ನೇ ಕರೆತಂದು 20 ಮಂದಿಗೆ ಕೆಲಸ ಕಲಿಸುವ ಏರ್ಪಾಡು ಮಾಡಿದರು. ಇವತ್ತು ಅಮೆರಿಕದ ನೇಲ್ ಸಲೂನುಗಳ ದೊಡ್ಡ ಪಾಲು ವಿಯೆಟ್ನಾಂ ಮೂಲದವರ ಕೈಯಲ್ಲಿದೆ. ಭಾಷೆ ಬಾರದ ಊರಿನಲ್ಲಿ, ಕೈಯಲ್ಲಿ ಕಾಸಿಲ್ಲದಾಗ, ಕೆಲವೇ ತಿಂಗಳಲ್ಲಿ ಕಲಿತು ಅನ್ನ ಕಾಣಬಹುದಾದ ಕೆಲಸ ಇದು. ಬೆಂಗಳೂರಿನ ಸಲೂನುಗಳಲ್ಲಿ ಕೂತಿರುವ ಮಣಿಪುರ, ಮಿಜೋರಾಂ, ಡಾರ್ಜಿಲಿಂಗ್ ಕಡೆಯ ಹುಡುಗಿಯರಿಗೂ, ನಮ್ಮದೇ ಹಾಸನ, ಚಿತ್ರದುರ್ಗಗಳಿಂದ ಬಂದವರಿಗೂ ಲೆಕ್ಕ ಅದೇ. ಪಿಜಿ ಬಾಡಿಗೆ ಕಟ್ಟಬೇಕು, ಊರಿಗೂ ಒಂದಿಷ್ಟು ಕಳಿಸಬೇಕು. ಅವರಿಗೆ “ಎರಡು ವರ್ಷ ತಡಿಯಮ್ಮ” ಎನ್ನಲು ಬಾಯಿ ಬರುವುದಿಲ್ಲ.

ಎರಡು ವರ್ಷ ಬೇಕಾಗಿಯೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮ್ಯಾನಿಕ್ಯೂರಿಸ್ಟ್ ಲೈಸೆನ್ಸಿಗೆ 400 ಗಂಟೆಗಳ ತರಬೇತಿ ಕೇಳುತ್ತಾರೆ, ಟೆಕ್ಸಾಸಿನಲ್ಲಿ 600. ದಿನಕ್ಕೆ ಆರೇಳು ಗಂಟೆ ಎಂದರೂ ಮೂರು ನಾಲ್ಕು ತಿಂಗಳ ಮಾತು. ನಮ್ಮಲ್ಲಿ ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ನೇಲ್ ಟೆಕ್ನಿಷಿಯನ್ ಕೆಲಸಕ್ಕೆ ಪಠ್ಯ ಗೊತ್ತುಮಾಡಿದೆ. ಆದರೆ ಅದನ್ನು ಮುಗಿಸದವರು ಗಿರಾಕಿಯ ಬೆರಳು ಮುಟ್ಟಬಾರದು ಎಂದು ತಡೆಯುವ ಕಾನೂನಿಲ್ಲ. ಒಂದೇ ವಾರದಲ್ಲಿ ಅಕ್ರಿಲಿಕ್, ಜೆಲ್, ಆರ್ಟ್, ಡ್ರಿಲ್ ಎಲ್ಲವನ್ನೂ ಮುಗಿಸಿ, ಗುಂಪಿನ ಫೋಟೊ ತೆಗೆಸಿ, ಚಿನ್ನದ ಅಂಚಿನ ಸರ್ಟಿಫಿಕೇಟ್ ಕೊಡುವ ಕೋರ್ಸುಗಳಿವೆ. ಮಾರನೆಯ ದಿನ ಯಾರ ಕೈ ಮುಂದೆ ಬರುತ್ತದೋ ಆ ಕೈಯಲ್ಲಿ ಉಳಿದ ಪಾಠ.

ನನ್ನನ್ನು ಕೇಳಿದರೆ, ಮೆಷಿನನ್ನು ಬೇಗ ಕಲಿಯಲಿ, ಬೇರೆಯವರ ಬೆರಳಿಗೆ ತಡವಾಗಿ ತರಲಿ. ಹಳಬರ ವಾದಕ್ಕೂ ಹೊಸಬರ ವಾದಕ್ಕೂ ನಡುವಿನ ರಾಜಿ ಸೂತ್ರ ಇದಲ್ಲ. ಎಚ್ಚರಿಕೆಯ ಸುದ್ದಿ ಯಾರಿಗೆ ಬರುತ್ತದೆ ಎಂಬುದನ್ನು ನೋಡಿ ಹೇಳುತ್ತಿರುವುದು. ಅಭ್ಯಾಸಕ್ಕೆಂದೇ ಪ್ಲಾಸ್ಟಿಕ್ ಕೈಗಳು, ಪ್ಲಾಸ್ಟಿಕ್ ಟಿಪ್ಪುಗಳು ಸಿಗುತ್ತವೆ. ಟಿಪ್ಪಿಗೆ ಕೆಂಪು ಪಾಲಿಶ್ ಬಳಿದು ಒಣಗಿಸಿ ಅದರ ಮೇಲೆ ಅಕ್ರಿಲಿಕ್ ಕಟ್ಟಬೇಕು, ಆಮೇಲೆ ಕೆಂಪಿಗೆ ಒಂದು ಗೀರೂ ಬೀಳದ ಹಾಗೆ ಅಕ್ರಿಲಿಕ್ ಇಳಿಸಬೇಕು. ಎಲ್ಲಿ ತಪ್ಪಿತು ಎಂದು ಕೆಂಪೇ ಹೇಳುತ್ತದೆ, ನೋವಾಗುವುದು ಯಾರಿಗೂ ಇಲ್ಲ. ಅದಾದ ಮೇಲೆ ತನ್ನದೇ ಎಡಗೈ. ತನ್ನ ಉಗುರಿಗೆ ತಾನೇ ಜೆಲ್ ಹಾಕಿ, ತಾನೇ ಮೆಷಿನಿನಲ್ಲಿ ಇಳಿಸಿದರೆ, ಮೆಷಿನ್ ಕಸಿದುಕೊಂಡಿದ್ದ ಎಚ್ಚರಿಕೆ ಅವಳಿಗೇ ಮರಳಿ ಸಿಗುತ್ತದೆ. ಎಷ್ಟು ಒತ್ತಿದರೆ ಎಷ್ಟು ಉರಿಯುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಟೀಚರ್ ಯಾವ ಅಕಾಡೆಮಿಯಲ್ಲೂ ಇಲ್ಲ. ಆರು ತಿಂಗಳ ಫಲಿತಾಂಶವೂ ಕಣ್ಣೆದುರೇ ಇರುತ್ತದೆ.

ಗಿರಾಕಿಯ ಕೈಗೆ ಬಂದಾಗಲೂ ಮೊದಲು ಉಗುರಿನ ನಡುಭಾಗ, ಉದ್ದ, ಆಕಾರ, ಅಂದರೆ ಪ್ಲಾಸ್ಟಿಕ್ ದಪ್ಪಗಿರುವ ಕಡೆ ಮಾತ್ರ. ತೆಳುವಾದ ಕೊನೆಯ ಪದರವನ್ನು ಬಿಟ್ಟುಬಿಡಲಿ. ಅದರ ಮೇಲೆಯೇ ಹೊಸ ಜೆಲ್ ಹಾಕಬಹುದು, ತೆಗೆಯಲೇಬೇಕೆಂದರೆ ಕೈ ಫೈಲ್ ಇದ್ದೇ ಇದೆ. ಹೊಸಬರು ಬೀಳುವ ಒಂದು ಗುಂಡಿಯನ್ನು ಇಲ್ಲಿ ಹೇಳಲೇಬೇಕು. ನಿಧಾನವಾಗಿಟ್ಟರೆ ಕ್ಷೇಮ ಎಂದುಕೊಂಡು ವೇಗವನ್ನು ತೀರ ಇಳಿಸುತ್ತಾರೆ. ಬಿಟ್ ಸವೆಸುವುದಿಲ್ಲ, ಆಗ ಒತ್ತುತ್ತಾರೆ. ಒತ್ತಿದಾಗಲೇ ಬಿಸಿ ಏರುವುದು, ಬಿಟ್ ಕಚ್ಚಿಕೊಂಡು ಎಗರುವುದು. ಮೊಂಡಾದ ಬಿಟ್ಟಿನಲ್ಲೂ ಇದೇ ಕಥೆ. ಕೆಲಸ ಬಿಟ್ ಮಾಡಬೇಕು, ಕೈ ಮಾಡಬಾರದು. ಕಿರುಬೆರಳನ್ನು ಊರಿ ಕೈಯನ್ನು ಸ್ಥಿರವಾಗಿಟ್ಟು, ಬಿಟ್ಟನ್ನು ಮಲಗಿಸಿ, ಒಂದೇ ಕಡೆ ನಿಲ್ಲಿಸದೆ, ಸವರಿ ಎತ್ತಿ ಸವರಿ ಎತ್ತಿ ಸಾಗಬೇಕು. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಬರುವ ಪೆನ್ ಮೆಷಿನ್ ಇದನ್ನೆಲ್ಲ ಕಲಿಯಲು ಬಿಡುವುದೇ ಇಲ್ಲ. ಅದಕ್ಕೆ ಸುತ್ತು ಇದೆ, ಬಲವಿಲ್ಲ. ತಾಗಿಸಿದ ಕೂಡಲೇ ಸುಸ್ತಾಗಿ ನಿಲ್ಲುತ್ತದೆ, ಎತ್ತಿದ ಕೂಡಲೇ ಹಾರುತ್ತದೆ, ಬಿಟ್ ನೇರವಾಗಿ ತಿರುಗದೆ ಓಲಾಡುತ್ತದೆ. ಕಲಿಯುವವಳಿಗೆ ಅಗ್ಗದ್ದು ಸಾಕು ಎನ್ನುವವರು ತಲೆಕೆಳಗಾಗಿ ಯೋಚಿಸುತ್ತಿದ್ದಾರೆ.

ವಿಡಿಯೊಗಳನ್ನು ನೋಡಿ ಬಂದವರಿಗೆ ಮೊದಲು ಬೇಕಾಗುವುದು ‘ರಷ್ಯನ್ ಮ್ಯಾನಿಕ್ಯೂರ್’. ಉಗುರಿನ ಬುಡದ ತೆಳು ಚರ್ಮವನ್ನು ಸಣ್ಣ ಡೈಮಂಡ್ ಬಿಟ್ಟುಗಳಿಂದ ಎತ್ತಿ ಸವರಿ ತೆಗೆಯುವ ಕೆಲಸ ಅದು. ಆ ಚರ್ಮ ಇರುವುದೇ ಕ್ರಿಮಿಗಳು ಒಳನುಗ್ಗದ ಹಾಗೆ ಬಾಗಿಲು ಹಾಕಲಿಕ್ಕೆ. ಅದನ್ನು ಕತ್ತರಿಸಬೇಡಿ ಎಂದು ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಹೇಳುತ್ತದೆ. ಹತ್ತು ವರ್ಷ ಪಳಗಿದವರು ಮಾಡಿದಾಗ ಫೋಟೊದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ, ನಿಜ. ಹೊಸಬಳಿಗೆ ಅದು ಸದ್ಯಕ್ಕೆ ಬೇಡವೇ ಬೇಡ. ಇಲ್ಲಿ ನಾನು ಪೂರ್ತಿ ಹಳಬರ ಪಕ್ಷ.

ಧೂಳಿನ ವಿಷಯ ಯಾರೂ ಎತ್ತುವುದಿಲ್ಲ, ಯಾಕೆಂದರೆ ಅದು ಹೋಗುವುದು ಗಿರಾಕಿಗಿಂತ ಹೆಚ್ಚಾಗಿ ಹುಡುಗಿಯ ಶ್ವಾಸಕೋಶಕ್ಕೆ. ಮೆಷಿನಿನ ಧೂಳು ನುಣ್ಣಗೆ, ಹಗುರ. ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತದೆ. ಮೇಜಿನ ಮೇಲೊಂದು ಧೂಳು ಎಳೆಯುವ ಫ್ಯಾನ್, ಮೂಗಿಗೆ ಬಿಗಿಯಾಗಿ ಕೂರುವ ಎನ್-95 ಬೇಕು, ನೀಲಿ ಸರ್ಜಿಕಲ್ ಮಾಸ್ಕ್ ಸಾಲದು. ಮೆಷಿನಿನ ಮೂತಿಗೆ ತೊಡಿಸುವ ಮರಳುಕಾಗದದ ಸ್ಯಾಂಡಿಂಗ್ ಬ್ಯಾಂಡ್ ಒಬ್ಬರಿಗೆ ಬಳಸಿದ ಮೇಲೆ ಕಸದ ಬುಟ್ಟಿಗೆ, ಅದನ್ನು ತೊಳೆದು ಶುದ್ಧ ಮಾಡಲಾಗದು. ಲೋಹದ ಬಿಟ್ಟನ್ನು ಉಜ್ಜಿ ತೊಳೆದು ಕ್ರಿಮಿನಾಶಕದಲ್ಲಿ ಇಟ್ಟ ಮೇಲೆಯೇ ಮುಂದಿನವರಿಗೆ.

ಆದರೆ ಇದೆಲ್ಲವನ್ನೂ ಆ ಹುಡುಗಿಯೊಬ್ಬಳ ತಲೆಗೆ ಕಟ್ಟುವುದು ಸರಿಯಲ್ಲ. ಅವಳ ಕೈಗೆ ಮೆಷಿನ್ ಬರುವುದು ಹೆಚ್ಚಾಗಿ ಅವಳು ಕೇಳಿದ್ದರಿಂದಲ್ಲ, ಹೊರಗೆ ಸೋಫಾದ ಮೇಲೆ ಮುಂದಿನ ಗಿರಾಕಿ ಕಾಯುತ್ತಿರುವುದರಿಂದ. ರೇಟ್ ಕಾರ್ಡ್ ನೋಡಿದರೆ ತಿಳಿಯುತ್ತದೆ. ಎಕ್ಸ್‌ಟೆನ್ಶನ್‌ಗೆ ದರವಿದೆ, ಆರ್ಟ್‌ಗೆ ಬೆರಳಿಗಿಷ್ಟು ಎಂದು ದರವಿದೆ, ಕಲ್ಲು ಅಂಟಿಸಿದರೆ ಅದಕ್ಕೂ ಇದೆ. ಹಳೆಯದನ್ನು ತೆಗೆಯುವ ಕೆಲಸ ಮಾತ್ರ ಎಷ್ಟೋ ಕಡೆ ‘ಫ್ರೀ’, ಇಲ್ಲವೇ ಚಿಲ್ಲರೆ ಕಾಸು. ಉಗುರು ಸವೆಯುವುದು ಆ ಪುಕ್ಕಟೆ ಹೊತ್ತಿನಲ್ಲೇ. ಕಾಸು ಬಾರದ ಕೆಲಸಕ್ಕೆ ಮಾಲೀಕರು ಇಪ್ಪತ್ತು ನಿಮಿಷ ಕೊಡುತ್ತಾರೆ, ಅದನ್ನು ಅಂಗಡಿಯಲ್ಲೇ ಹೊಸಬಳಾದವಳಿಗೆ ಒಪ್ಪಿಸುತ್ತಾರೆ. ರಿಮೂವಲ್‌ಗೆ ತಕ್ಕ ದರ ಬರೆದು, ಮುಕ್ಕಾಲು ಗಂಟೆ ಸಮಯ ಕೊಡುವ ಸಲೂನಿನಲ್ಲಿ ಹೊಸ ಹುಡುಗಿ ಮೆಷಿನ್ ಹಿಡಿದು ಕೂತರೂ ನಾನು ಕೈ ಚಾಚುತ್ತೇನೆ. ಇಪ್ಪತ್ತು ನಿಮಿಷದ ಅಂಗಡಿಯಲ್ಲಿ ಹದಿನೈದು ವರ್ಷದ ಅನುಭವಸ್ಥೆ ಕೂತಿದ್ದರೂ ಬಣ್ಣ ಹಾಗೇ ಇರಲಿ ಎಂದು ಎದ್ದು ಬರುತ್ತೇನೆ.